ಯುಸಿಎಲ್‌ಎ ಬಾಸ್ಕೆಟ್‌ಬಾಲ್‌ನ ಸಾರ್ವಕಾಲಿಕ ಶ್ರೇಷ್ಠ ಆಟಗಾರ ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೇ ಯುಸಿಎಲ್‌ಎ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಅದರ ಪುರುಷರ ತಂಡ 11 ಸಲ ರಾಷ್ಟ್ರೀಯ ಚಾಂಪಿಯನ್ ಆಗಿದೆ. ಬೇರೆ ಯಾವ ಕಾಲೇಜೂ ಆ ಸಂಖ್ಯೆ ಮುಟ್ಟಿಲ್ಲ. ಇಷ್ಟು ಗೆದ್ದ ಕಡೆ ಯಾರು ದೊಡ್ಡವರು ಎಂಬ ಜಗಳ ಇದ್ದೇ ಇರುತ್ತದೆ. ಆ ಜಗಳದಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ನನ್ನ ಪಕ್ಷಪಾತ ಕಂಡರೆ ಅದು ಇರುವುದರಿಂದಲೇ ಕಾಣುತ್ತಿದೆ.

ಸುತ್ತಿ ಬಳಸಿ ಬೇಡ. ಯಾರು ನಂಬರ್ ಒನ್?

ಲ್ಯೂ ಆಲ್ಸಿಂಡರ್. ಎರಡನೆಯವರು ಬಿಲ್ ವಾಲ್ಟನ್. ಇವರಿಬ್ಬರನ್ನು ಅದಲು ಬದಲು ಮಾಡುವವರ ಜೊತೆ ನಾನು ಕೂತು ಮಾತಾಡಬಲ್ಲೆ. ಇಬ್ಬರನ್ನೂ ಬಿಟ್ಟು ಮೂರನೆಯವರನ್ನು ಮೇಲೆ ಕೂರಿಸುವವರು ಬಹುಶಃ ಸುಮ್ನೆ ಕೆಣಕುತ್ತಿದ್ದಾರೆ.

ಆಲ್ಸಿಂಡರ್ ಅಂದರೆ ಕರೀಮ್ ಅಬ್ದುಲ್-ಜಬ್ಬಾರ್ ಅಲ್ವಾ?

ಹೌದು, ಅವರೇ. 1971ರಿಂದ ಅವರು ಸಾರ್ವಜನಿಕವಾಗಿ ಕರೀಮ್ ಆದರು. ಅಷ್ಟರಲ್ಲಿ ಕಾಲೇಜು ಮುಗಿದಿತ್ತು. ಕಾಲೇಜಿನ ದಾಖಲೆಗಳಲ್ಲಿ ಹಳೆಯ ಹೆಸರೇ ಇದೆ, ಹಾಗಾಗಿ ಇಲ್ಲೂ ಅದೇ.

ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ಸಾಧನೆಯನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಳ್ಳಬಾರದು?

ಕರ್ನಾಟಕ ರಣಜಿ ತಂಡದ ಶ್ರೇಷ್ಠ ಬ್ಯಾಟ್ಸ್‌ಮನ್ ಯಾರು ಎಂದು ಕೇಳಿದರೆ ಲಾರ್ಡ್ಸ್‌ನಲ್ಲಿ ಹೊಡೆದ ಶತಕ ತೋರಿಸುವುದು ಸರಿಯಲ್ಲ. ಇದೂ ಅಷ್ಟೇ. ಯುಸಿಎಲ್‌ಎ ಅಂಗಿ ತೊಟ್ಟು ಏನು ಮಾಡಿದರು ಅನ್ನುವುದಷ್ಟೇ ಇಲ್ಲಿನ ಪ್ರಶ್ನೆ.

ರಸೆಲ್ ವೆಸ್ಟ್‌ಬ್ರೂಕ್ ಅವರನ್ನೇ ನೋಡಿ. ಎನ್‌ಬಿಎಯಲ್ಲಿ ಅವರದು ದೊಡ್ಡ ಹೆಸರು. ಯುಸಿಎಲ್‌ಎಯಲ್ಲಿ ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 3.4 ಅಂಕ, ಎರಡನೇ ವರ್ಷ 12.7. ಒಳ್ಳೆಯ ಕಾಲೇಜು ಆಟಗಾರ, ಅದಕ್ಕಿಂತ ಜಾಸ್ತಿ ಹೇಳುವುದಕ್ಕಾಗುವುದಿಲ್ಲ. ರೆಜಿ ಮಿಲ್ಲರ್ ವಿಷಯ ಸ್ವಲ್ಪ ಬೇರೆ. 1983ರಿಂದ 87ರವರೆಗೆ 2,095 ಅಂಕ ಗಳಿಸಿದರು. ಆದರೆ ಅವರ ಕಾಲದಲ್ಲಿ ತಂಡ ರಾಷ್ಟ್ರೀಯ ಟೂರ್ನಿಗೆ ಹೋದದ್ದು ಕೊನೆಯ ವರ್ಷ ಮಾತ್ರ, ಅದರಲ್ಲೂ ಎರಡನೇ ಸುತ್ತಲ್ಲೇ ವಯೋಮಿಂಗ್ ಎದುರು ಸೋತಿತು. ದೂರದ ಎಸೆತಕ್ಕೆ ಹೆಚ್ಚು ಅಂಕ ಕೊಡುವ ಮೂರು ಅಂಕದ ಗೆರೆ ಎಲ್ಲ ಕಾಲೇಜು ಪಂದ್ಯಗಳಿಗೆ ಬಂದದ್ದೂ ಅದೇ ವರ್ಷ. ಇನ್ನೊಂದೆರಡು ವರ್ಷ ಮೊದಲೇ ಬಂದಿದ್ದರೆ ಮಿಲ್ಲರ್ ಅವರ ಅಂಕ ಎಷ್ಟಾಗುತ್ತಿತ್ತೋ!

ಆಲ್ಸಿಂಡರ್ ಆಡಿದ್ದು ಮೂರೇ ವರ್ಷ. ಯಾಕೆ?

ಆಗ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವ ಹಾಗಿರಲಿಲ್ಲ. ಅವರಿಗೆ ಬೇರೆಯದೇ ತಂಡ, ಬೇರೆಯದೇ ಪಂದ್ಯಗಳು. ಈ ನಿಯಮ ಹೋದದ್ದು 1972ರಲ್ಲಿ.

ಈ ನಿಯಮದಿಂದಲೇ ಒಂದು ಮಜವಾದ ಪಂದ್ಯ ನಡೆಯಿತು. 1965ರ ನವೆಂಬರ್ 27, ಹೊಸ ಪಾಲಿ ಪೆವಿಲಿಯನ್ ಒಳಾಂಗಣ. ಒಂದು ಕಡೆ ಹಿಂದಿನ ಎರಡೂ ವರ್ಷ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಕಾಲೇಜಿನ ಮುಖ್ಯ ತಂಡ. ಇನ್ನೊಂದು ಕಡೆ ಆಗಷ್ಟೇ ಕಾಲೇಜು ಸೇರಿದ ಹುಡುಗರು. ಹುಡುಗರೇ 75-60ರಲ್ಲಿ ಗೆದ್ದರು. ನ್ಯೂಯಾರ್ಕ್‌ನಿಂದ ಬಂದಿದ್ದ, ಏಳು ಅಡಿ ದಾಟಿದ ಆಲ್ಸಿಂಡರ್ 31 ಅಂಕ ಗಳಿಸಿ 21 ರೀಬೌಂಡ್ (ಗುರಿ ತಪ್ಪಿ ಚಿಮ್ಮಿದ ಚೆಂಡು) ಹಿಡಿದರು. ಋತು ಶುರುವಾಗುವ ಮೊದಲು ಆ ಮುಖ್ಯ ತಂಡವನ್ನೇ ದೇಶದ ನಂಬರ್ ಒನ್ ಎಂದು ಎಣಿಸಿದ್ದರು. ದೇಶದ ನಂಬರ್ ಒನ್ ತಂಡಕ್ಕೆ ತನ್ನ ಕ್ಯಾಂಪಸ್ಸಿನಲ್ಲೇ ಮೊದಲ ಸ್ಥಾನ ಇರಲಿಲ್ಲ!

ಮರುವರ್ಷ ಮುಖ್ಯ ತಂಡದ ಪರ ಮೊದಲ ಪಂದ್ಯದಲ್ಲೇ, ಊರಿನ ಎದುರಾಳಿ ಯುಎಸ್‌ಸಿ ವಿರುದ್ಧ, ಆಲ್ಸಿಂಡರ್ 56 ಅಂಕ ಗಳಿಸಿದರು. ಅದೇ ಋತುವಿನಲ್ಲಿ ವಾಷಿಂಗ್ಟನ್ ಸ್ಟೇಟ್ ವಿರುದ್ಧ 61. ಅದು ಇಂದಿಗೂ ಯುಸಿಎಲ್‌ಎ ದಾಖಲೆ. ನಾಲ್ಕನೇ ವರ್ಷವೂ ಸಿಕ್ಕಿದ್ದರೆ ಈ ಪುಟವೇ ಬೇಕಾಗುತ್ತಿರಲಿಲ್ಲ.

ಅವರಿಗೋಸ್ಕರವೇ ಡಂಕ್ (ಜಿಗಿದು ಚೆಂಡನ್ನು ಕೈಯಾರೆ ಬುಟ್ಟಿಗೆ ತುರುಕುವುದು) ನಿಷೇಧಿಸಿದರು ಅಂತಾರಲ್ಲ, ನಿಜವೇ?

ನಿಯಮದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಆದರೆ ಆಲ್ಸಿಂಡರ್ ಅವರ ಮೊದಲ ಋತು ಮುಗಿದ ಕೂಡಲೇ, 1967ರಲ್ಲಿ, ಕಾಲೇಜು ಆಟದಲ್ಲಿ ಡಂಕ್ ನಿಷೇಧ ಆಯಿತು. ಜನ ಅದನ್ನು ಆಲ್ಸಿಂಡರ್ ನಿಯಮ ಎಂದೇ ಕರೆದರು. 1976ರವರೆಗೂ ಅದು ಹಾಗೇ ಇತ್ತು.

ಪರಿಣಾಮ? ಸರಾಸರಿ 29.0 ಇದ್ದದ್ದು 26.2ಕ್ಕೆ ಇಳಿಯಿತು, ಆಮೇಲೆ 24.0. ಪ್ರಶಸ್ತಿ ಮಾತ್ರ ಮೂರೂ ವರ್ಷ ಬಂತು. ಬುಟ್ಟಿಯ ಹತ್ತಿರದಿಂದ ಕೈ ಎತ್ತಿ ತೂರುವ ಹುಕ್ ಶಾಟ್ ಅನ್ನು ಅವರು ಇನ್ನಷ್ಟು ತಿದ್ದಿಕೊಂಡರು. ತನ್ನ ಅತ್ಯಂತ ಸುಲಭದ ಹೊಡೆತವನ್ನೇ ಕಳೆದುಕೊಂಡು ಮತ್ತೆರಡು ಸಲ ಚಾಂಪಿಯನ್ ಆಗುವುದು ಸಣ್ಣ ಮಾತಲ್ಲ.

ಆಲ್ಸಿಂಡರ್ ಸೋತ ಪಂದ್ಯಗಳು ಯಾವುವು?

ಎರಡೇ. ಮೂರು ವರ್ಷದಲ್ಲಿ 88 ಗೆಲುವು, 2 ಸೋಲು.

ಮೊದಲನೆಯದು 1968ರ ಜನವರಿ 20ರಂದು, ಹ್ಯೂಸ್ಟನ್‌ನ ಆಸ್ಟ್ರೋಡೋಮ್‌ನಲ್ಲಿ. ಬೇಸ್‌ಬಾಲ್ ಆಡುವ ಆ ಭಾರಿ ಅಂಗಳದ ನಡುವೆ ಬಾಸ್ಕೆಟ್‌ಬಾಲ್ ನೆಲ ಹಾಸಿದ್ದರು. 52,693 ಜನ ಸೇರಿದ್ದರು, ಟಿವಿಯಲ್ಲಿ ದೇಶವೆಲ್ಲ ನೋಡುತ್ತಿತ್ತು. ಯುಸಿಎಲ್‌ಎ ಸತತ 47 ಪಂದ್ಯ ಗೆದ್ದು ಬಂದಿತ್ತು. ಹ್ಯೂಸ್ಟನ್‌ನ ಎಲ್ವಿನ್ ಹೇಯ್ಸ್ 39 ಅಂಕ ಗಳಿಸಿದರು. ಹಿಂದಿನ ವಾರ ಕಣ್ಣಿಗೆ ಪೆಟ್ಟಾಗಿದ್ದ ಆಲ್ಸಿಂಡರ್ ಗಳಿಸಿದ್ದು 15. ಹ್ಯೂಸ್ಟನ್ 71-69ರಲ್ಲಿ ಗೆದ್ದಿತು.

ಎರಡು ತಿಂಗಳ ನಂತರ ಇದೇ ತಂಡಗಳು ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಮತ್ತೆ ಎದುರಾದವು. ಯುಸಿಎಲ್‌ಎ 101, ಹ್ಯೂಸ್ಟನ್ 69. ಹೇಯ್ಸ್‌ಗೆ ಸಿಕ್ಕಿದ್ದು 10 ಅಂಕ. ಸೇಡು ಅಂದರೆ ಇದು.

ಎರಡನೇ ಸೋಲು 1969ರಲ್ಲಿ, ಸ್ವಂತ ಅಂಗಳದಲ್ಲಿ, ಯುಎಸ್‌ಸಿ ಎದುರು 46-44. ಸ್ಕೋರ್ ನೋಡಿದರೆ ಕಥೆ ಗೊತ್ತಾಗುತ್ತದೆ: ಆಗ ಶಾಟ್ ಕ್ಲಾಕ್ ಇರಲಿಲ್ಲ, ಚೆಂಡು ಹಿಡಿದುಕೊಂಡು ಸಮಯ ಕಳೆಯಬಹುದಿತ್ತು. ಆಲ್ಸಿಂಡರ್ ಅವರನ್ನು ತಡೆಯುವ ದಾರಿ ಗೊತ್ತಿಲ್ಲದವರು ಚೆಂಡನ್ನೇ ಕೊಡದೆ ಆಡಿದರು.

ವಾಲ್ಟನ್ ಪರ ವಾದ ಏನು?

ಒಂದೇ ಪಂದ್ಯ ಸಾಕು ಅನ್ನುವವರಿದ್ದಾರೆ. 1973ರ ಫೈನಲ್, ಸೇಂಟ್ ಲೂಯಿಸ್, ಎದುರಾಳಿ ಮೆಂಫಿಸ್ ಸ್ಟೇಟ್. ಅರ್ಧ ಆಟಕ್ಕೆ 39-39 ಸಮಸಮ. ಮುಗಿದಾಗ ಯುಸಿಎಲ್‌ಎ 87, ಮೆಂಫಿಸ್ 66. ವಾಲ್ಟನ್ ಬುಟ್ಟಿಗೆ ಎಸೆದದ್ದು 22 ಸಲ, ಬಿದ್ದದ್ದು 21. ಫೌಲ್‌ಗೆ ಸಿಗುವ ಫ್ರೀ ಥ್ರೋ ಸೇರಿ ಒಟ್ಟು 44 ಅಂಕ. ಗ್ರೆಗ್ ಲೀ ಎತ್ತರಕ್ಕೆ ಎಸೆಯುತ್ತಿದ್ದ ಪಾಸ್ ಅನ್ನು ಗಾಳಿಯಲ್ಲೇ ಹಿಡಿದು ಮೆಲ್ಲಗೆ ಒಳಗೆ ಬಿಡುತ್ತಿದ್ದರು. ನೆನಪಿಡಿ, ಆಗಲೂ ಡಂಕ್ ನಿಷೇಧ ಇತ್ತು. ಕಾಲೇಜು ಫೈನಲ್ ಒಂದರಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಆಡಿಲ್ಲ ಎಂದು ನಾನೂ ಒಪ್ಪುತ್ತೇನೆ.

ಎರಡನೇ ವಾದ, ಅವರ ಆಟದ ಅಗಲ. ರೀಬೌಂಡ್ ಹಿಡಿದು ಕಾಲು ನೆಲಕ್ಕೆ ತಾಗುವ ಮೊದಲೇ ಅರ್ಧ ಅಂಗಳದಾಚೆಗೆ ಪಾಸ್ ಮಾಡುತ್ತಿದ್ದರು. ಬುಟ್ಟಿಯ ಹತ್ತಿರ ಆಡುವ ಆರು ಅಡಿ ಹನ್ನೊಂದು ಇಂಚಿನ ಸೆಂಟರ್, ಆಟ ಕಟ್ಟುವ ಗಾರ್ಡ್ ಒಬ್ಬನ ಕಣ್ಣಿಟ್ಟುಕೊಂಡು ಆಡುವುದನ್ನು ಜನ ಅಷ್ಟಾಗಿ ನೋಡಿರಲಿಲ್ಲ. ಅವರ ಒಟ್ಟು 1,370 ರೀಬೌಂಡ್ ಯುಸಿಎಲ್‌ಎ ದಾಖಲೆ. ಸರಾಸರಿಯಲ್ಲೂ ಅವರದು 15.7, ಆಲ್ಸಿಂಡರ್ ಅವರದು 15.5.

ಮೂರನೆಯದು ತಂಡದ ಸತತ ಗೆಲುವಿನ ಸರಣಿ. 1971ರ ಜನವರಿಯಲ್ಲಿ ನೋಟ್ರ ಡೇಮ್ ಎದುರು ಸೋತ ಮೇಲೆ ಯುಸಿಎಲ್‌ಎ ಸತತ 88 ಪಂದ್ಯ ಗೆದ್ದಿತು. ಅದರ ಬಹುಪಾಲು ವಾಲ್ಟನ್ ಕಾಲದ್ದು. 1972 ಮತ್ತು 73ರಲ್ಲಿ ತಂಡ ಒಂದೂ ಸೋಲದೆ 30-0. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ನೇಯ್ಸ್ಮಿತ್ ಪ್ರಶಸ್ತಿ ಮೂರೂ ವರ್ಷ ವಾಲ್ಟನ್‌ಗೇ.

ಆಟದ ಹೊರಗೂ ಅವರು ಸುಮ್ಮನಿದ್ದವರಲ್ಲ. 1972ರಲ್ಲಿ ವಿಯೆಟ್ನಾಂ ಯುದ್ಧ ವಿರೋಧಿ ಪ್ರತಿಭಟನೆಯಲ್ಲಿ ಬಂಧನವಾಯಿತು. ಉದ್ದ ಕೂದಲು ಬಿಡುವ ಹಕ್ಕು ತನಗಿದೆ ಎಂದು ಕೋಚ್ ಜಾನ್ ವುಡನ್ ಮುಂದೆ ವಾದಿಸಿದಾಗ, ಹಕ್ಕು ಇದೆ ಬಿಡು, ಆದರೆ ನೀನಿಲ್ಲದೆ ನಮಗೆ ಬೇಜಾರಾಗುತ್ತದೆ ಎಂಬರ್ಥದ ಉತ್ತರ ಬಂತು. ವಾಲ್ಟನ್ ಸೈಕಲ್ ಹತ್ತಿ ಕ್ಷೌರದಂಗಡಿಗೆ ಹೋದರು. ಈ ಕಥೆಯನ್ನು ಇಬ್ಬರೂ ಮುದಿಪ್ರಾಯದವರೆಗೂ ಹೇಳಿ ನಗುತ್ತಿದ್ದರು.

ಇಷ್ಟೆಲ್ಲ ಇದ್ದೂ ಅವರು ಎರಡನೆಯವರು ಯಾಕೆ?

1974ರಿಂದಾಗಿ. ಜನವರಿ 19ರಂದು ನೋಟ್ರ ಡೇಮ್‌ನಲ್ಲಿ ಕೊನೆಯ ಮೂರುವರೆ ನಿಮಿಷಕ್ಕೆ 11 ಅಂಕ ಮುಂದಿದ್ದ ಯುಸಿಎಲ್‌ಎ ಆಮೇಲೆ ಒಂದೂ ಅಂಕ ಗಳಿಸಲಿಲ್ಲ. ನೋಟ್ರ ಡೇಮ್ ಸತತ 12 ಗಳಿಸಿ 71-70ರಲ್ಲಿ ಗೆದ್ದಿತು. ಫೆಬ್ರವರಿಯಲ್ಲಿ ಆರೆಗಾನ್ ರಾಜ್ಯದ ಎರಡೂ ಕಾಲೇಜುಗಳ ಎದುರು ಒಂದೇ ವಾರಾಂತ್ಯದಲ್ಲಿ ಸೋಲು. ಕೊನೆಗೆ ಸೆಮಿಫೈನಲ್‌ನಲ್ಲಿ ಡೇವಿಡ್ ಥಾಂಪ್ಸನ್ ಇದ್ದ ನಾರ್ತ್ ಕ್ಯಾರೊಲಿನಾ ಸ್ಟೇಟ್ ಎದುರು ಎರಡು ಹೆಚ್ಚುವರಿ ಅವಧಿಗಳ ನಂತರ 80-77. ಎರಡನೇ ಹೆಚ್ಚುವರಿ ಅವಧಿಯಲ್ಲಿ ಯುಸಿಎಲ್‌ಎ 7 ಅಂಕ ಮುಂದಿತ್ತು! ವಾಲ್ಟನ್ ಆ ದಿನ ಕೆಟ್ಟದಾಗೇನೂ ಆಡಲಿಲ್ಲ: 29 ಅಂಕ, 18 ರೀಬೌಂಡ್. ಆದರೂ ಗೆಲ್ಲಬೇಕಿದ್ದ ಪಂದ್ಯ ಕೈ ಜಾರಿತು. ಮುಂದಿನ ವರ್ಷಗಳಲ್ಲಿ ಆ ಸೋಲುಗಳ ಬಗ್ಗೆ ಅವರಷ್ಟು ನೊಂದು ಮಾತಾಡಿದವರು ಬೇರೆ ಯಾರೂ ಇಲ್ಲ.

ಆಲ್ಸಿಂಡರ್ ಮೂರು ಫೈನಲ್‌ಗಳಲ್ಲಿ ಹೀಗೆ ಆಡಿದರು: ಡೇಟನ್ ಎದುರು 20 ಅಂಕ, ನಾರ್ತ್ ಕ್ಯಾರೊಲಿನಾ ಎದುರು 34, ಪರ್ಡ್ಯೂ ಎದುರು 37. ಮೂರನ್ನೂ 15 ಅಂಕ ಅಥವಾ ಅದಕ್ಕಿಂತ ದೊಡ್ಡ ಅಂತರದಲ್ಲಿ ಗೆದ್ದರು. ಫೈನಲ್ ಹಂತದ ಅತ್ಯುತ್ತಮ ಆಟಗಾರ ಎಂಬ ಗೌರವ ಮೂರು ಸಲ ಪಡೆದ ಪುರುಷ ಆಟಗಾರ ಅವರೊಬ್ಬರೇ. ವಾಲ್ಟನ್ ಒಂದು ರಾತ್ರಿ ಇನ್ನೂ ಎತ್ತರಕ್ಕೆ ಹೋದರು. ಆಲ್ಸಿಂಡರ್ ಮೂರು ವರ್ಷ ಕೆಳಗೆ ಇಳಿಯಲೇ ಇಲ್ಲ.

ಗೆದ್ದದ್ದು ಕೋಚ್ ವುಡನ್ ಅಲ್ವಾ? ಆಟಗಾರರಿಗೆ ಯಾಕೆ ಇಷ್ಟು ಹೊಗಳಿಕೆ?

12 ವರ್ಷದಲ್ಲಿ 10 ಪ್ರಶಸ್ತಿ ಗೆದ್ದ ಕೋಚ್ ಬಗ್ಗೆ ಏನು ಹೇಳಿದರೂ ಕಡಿಮೆಯೇ. ಹೊಸ ಹುಡುಗರಿಗೆ ಮೊದಲ ದಿನ ಕಾಲುಚೀಲ ಹೇಗೆ ಹಾಕಿಕೊಳ್ಳಬೇಕು ಎಂದು ಕಲಿಸುತ್ತಿದ್ದ ಮನುಷ್ಯ ಅವರು. ಸುಕ್ಕು ಬಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಆಟ ನಿಲ್ಲುತ್ತದೆ ಅನ್ನುವ ಲೆಕ್ಕ.

ಆದರೆ ಅವರು ಯುಸಿಎಲ್‌ಎಗೆ ಬಂದದ್ದು 1948ರಲ್ಲಿ, ಮೊದಲ ಪ್ರಶಸ್ತಿ ಬಂದದ್ದು 1964ರಲ್ಲಿ. ಅದೇ ಕೋಚ್, ಅದೇ ಶಿಸ್ತು, ಅದೇ ಕಾಲುಚೀಲ. ಮೊದಲು ಇಲ್ಲದೆ 1964ರ ಹೊತ್ತಿಗೆ ಕೂಡಿಬಂದದ್ದು ವಾಲ್ಟ್ ಹ್ಯಾಝರ್ಡ್, ಗೇಲ್ ಗುಡ್ರಿಚ್ ಅವರಂಥ ಆಟಗಾರರು, ಮತ್ತು ಅವರ ಕಾಲಿನ ವೇಗಕ್ಕೆ ಹೊಂದುವ, ಅಂಗಳದ ತುಂಬ ಒತ್ತಡ ಹಾಕುವ ಪ್ರೆಸ್ ಆಟ. ಆ ತಂಡದ ಮೊದಲ ಐವರಲ್ಲಿ ಯಾರೂ ಆರು ಅಡಿ ಐದು ಇಂಚಿಗಿಂತ ಎತ್ತರ ಇರಲಿಲ್ಲ. 30 ಪಂದ್ಯ ಆಡಿ 30ನ್ನೂ ಗೆದ್ದರು.

ಆ ಕಾಲದಲ್ಲಿ ಪ್ರಶಸ್ತಿ ಗೆಲ್ಲುವುದು ಸುಲಭ ಇತ್ತು ಅನ್ನುವ ಮಾತು?

ಅರ್ಧ ನಿಜ. ಆಗ ಟೂರ್ನಿಗೆ ಇಪ್ಪತ್ತು ಚಿಲ್ಲರೆ ತಂಡಗಳು ಮಾತ್ರ. ನಾಲ್ಕು ಪಂದ್ಯ ಗೆದ್ದರೆ ಯುಸಿಎಲ್‌ಎ ಚಾಂಪಿಯನ್. ಈಗ 68 ತಂಡಗಳು, ಆರು ಪಂದ್ಯ ಗೆಲ್ಲಬೇಕು. ಪಶ್ಚಿಮದ ತಂಡಗಳು ಪಶ್ಚಿಮದಲ್ಲೇ ಆಡಿ ಮೇಲೆ ಬರುತ್ತಿದ್ದವು, ಅಲ್ಲಿ ಪೈಪೋಟಿ ಕಡಿಮೆ.

ಉಳಿದರ್ಧ ಹೀಗಿದೆ. 1974ರವರೆಗೆ ಒಂದು ಲೀಗ್‌ನಿಂದ ಒಂದೇ ತಂಡಕ್ಕೆ ಜಾಗ. 1971ರಲ್ಲಿ ಯುಎಸ್‌ಸಿ 24 ಪಂದ್ಯ ಗೆದ್ದು ಎರಡು ಮಾತ್ರ ಸೋತಿತ್ತು. ಆ ಎರಡೂ ಸೋಲು ಯುಸಿಎಲ್‌ಎ ಎದುರು. ಅವರು ಮನೆಯಲ್ಲೇ ಉಳಿದರು. ಒಂದೆರಡು ಕೆಟ್ಟ ದಿನ ಬಂದರೆ ಟೂರ್ನಿಗೆ ಹೋಗುವ ಬಾಗಿಲೇ ಮುಚ್ಚುತ್ತಿತ್ತು. ಇಂದು ಹತ್ತು ಪಂದ್ಯ ಸೋತವರೂ ಒಳಗೆ ಬರುತ್ತಾರೆ.

ಸ್ಯಾಮ್ ಗಿಲ್ಬರ್ಟ್ ವಿಷಯ ಯಾಕೆ ಯಾರೂ ಎತ್ತುವುದಿಲ್ಲ?

ಎತ್ತುತ್ತಾರೆ, ಎತ್ತಬೇಕು ಕೂಡ. ಗಿಲ್ಬರ್ಟ್ ಒಬ್ಬ ಶ್ರೀಮಂತ ಅಭಿಮಾನಿ. ಆಟಗಾರರಿಗೆ ನಿಯಮ ಮೀರಿ ಸಹಾಯ ಮಾಡುತ್ತಿದ್ದರು ಎಂಬುದು ಬಹಿರಂಗವಾಯಿತು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ 1981ರಲ್ಲಿ ಯುಸಿಎಲ್‌ಎ ಮೇಲೆ ಕ್ರಮ ತೆಗೆದುಕೊಂಡಿತು, 1980ರ ರನ್ನರ್ ಅಪ್ ಸ್ಥಾನ ದಾಖಲೆಯಿಂದ ಹೋಯಿತು. ವುಡನ್ ಕಾಲದ ಪ್ರಶಸ್ತಿಗಳು ಹಾಗೇ ಉಳಿದವು. ಶ್ರೇಷ್ಠರ ಪಟ್ಟಿಯಲ್ಲಿ ಇದರಿಂದ ಯಾರನ್ನೂ ಮೇಲೆ ಕೆಳಗೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಮೂರನೇ ಸ್ಥಾನ ಯಾರಿಗೆ?

ನಿಜವಾದ ಜಗಳ ಇರುವುದು ಇಲ್ಲಿ. ನನ್ನ ಮತ ಸಿಡ್ನಿ ವಿಕ್ಸ್‌ಗೆ.

ಆಲ್ಸಿಂಡರ್ 1969ರಲ್ಲಿ ಹೋದರು, ವಾಲ್ಟನ್ ಮುಖ್ಯ ತಂಡಕ್ಕೆ ಬಂದದ್ದು 1971ರ ಕೊನೆಗೆ. ನಡುವೆ 1970 ಮತ್ತು 71ರಲ್ಲೂ ಯುಸಿಎಲ್‌ಎ ಗೆದ್ದಿತು. ಆ ಎರಡು ವರ್ಷ ಯಾರಿದ್ದರು ಎಂದು ಕೇಳಿದರೆ ಅರ್ಧ ಜನ ತಡವರಿಸುತ್ತಾರೆ. ವಿಕ್ಸ್ ಇದ್ದರು. 1970ರ ಫೈನಲ್‌ನಲ್ಲಿ ಎದುರಿಗೆ ಜಾಕ್ಸನ್‌ವಿಲ್‌ನ ಆರ್ಟಿಸ್ ಗಿಲ್ಮೋರ್, ಏಳು ಅಡಿ ಎರಡು ಇಂಚು. ವಿಕ್ಸ್ ಆರು ಅಡಿ ಎಂಟು ಇಂಚು. ಮೊದಲು ಗಿಲ್ಮೋರ್ ಮುಂದೆ ನಿಂತು ತಡೆಯಲು ನೋಡಿದರು, ಆಗಲಿಲ್ಲ. ಆಮೇಲೆ ಹಿಂದೆ ಸರಿದು ನಿಂತು, ಅವರು ಎಸೆದ ಚೆಂಡನ್ನು ಮತ್ತೆ ಮತ್ತೆ ಗಾಳಿಯಲ್ಲೇ ತಡೆದರು. 80-69. ದೈತ್ಯ ಸೆಂಟರ್ ಇಲ್ಲದೆಯೂ ಯುಸಿಎಲ್‌ಎ ಗೆಲ್ಲುತ್ತದೆ ಎಂದು ತೋರಿಸಿದ್ದು ಈ ಪಂದ್ಯ.

ಬರೀ ಪ್ರಶಸ್ತಿ ಎಣಿಸಿ ವಾದಿಸಬೇಡಿ. ವಿಕ್ಸ್ ಬಳಿ ಮೂರಿವೆ ನಿಜ, ಆದರೆ ಕರ್ಟಿಸ್ ರೋ, ಹೆನ್ರಿ ಬಿಬ್ಬಿ, ಲಿನ್ ಶ್ಯಾಕಲ್‌ಫರ್ಡ್ ಬಳಿಯೂ ಮೂರು ಮೂರಿವೆ.

ಗುಡ್ರಿಚ್? ಮಾರ್ಕಸ್ ಜಾನ್ಸನ್?

ಗುಡ್ರಿಚ್ 1965ರ ಫೈನಲ್‌ನಲ್ಲಿ ಮಿಷಿಗನ್ ಎದುರು 42 ಅಂಕ ಗಳಿಸಿದರು. ಆದರೂ ಅತ್ಯುತ್ತಮ ಆಟಗಾರ ಗೌರವ ಹೋದದ್ದು ಪ್ರಿನ್ಸ್‌ಟನ್‌ನ ಬಿಲ್ ಬ್ರಾಡ್ಲಿಗೆ, ಅವರು ಮೂರನೇ ಸ್ಥಾನದ ಪಂದ್ಯದಲ್ಲಿ 58 ಗಳಿಸಿದ್ದರು. ಜಾನ್ಸನ್ 1975ರಲ್ಲಿ ವುಡನ್ ಅವರ ಕೊನೆಯ ಪ್ರಶಸ್ತಿಯಲ್ಲಿ ಪಾಲುದಾರ, 1977ರಲ್ಲಿ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ವುಡನ್ ಹೆಸರಿನ ಪ್ರಶಸ್ತಿಯನ್ನು ಮೊದಲು ಪಡೆದವರು. ಇಬ್ಬರೂ ನನ್ನ ಮೊದಲ ಏಳರಲ್ಲಿ ಖಂಡಿತ.

ಎಡ್ ಓಬ್ಯಾನನ್ ಅವರನ್ನು ಮರೆತಿರಾ?

ಇಲ್ಲ, ನಾಲ್ಕನೇ ಸ್ಥಾನ ಅವರದು. ವುಡನ್ 1975ರಲ್ಲಿ ನಿವೃತ್ತರಾದ ಮೇಲೆ ಯುಸಿಎಲ್‌ಎ ಪುರುಷರ ತಂಡಕ್ಕೆ ಬಂದಿರುವುದು ಒಂದೇ ಪ್ರಶಸ್ತಿ, 1995ರದ್ದು. ಆ ತಂಡದ ಜೀವ ಓಬ್ಯಾನನ್. 1990ರಲ್ಲಿ ಮಂಡಿ ಎಷ್ಟು ಕೆಟ್ಟದಾಗಿ ಹೋಗಿತ್ತೆಂದರೆ ಮತ್ತೆ ಆಡುತ್ತಾರೋ ಇಲ್ಲವೋ ಎಂಬ ಅನುಮಾನ ಇತ್ತು. ಫೈನಲ್‌ನಲ್ಲಿ ಅರ್ಕನ್ಸಾ ಎದುರು 30 ಅಂಕ, 17 ರೀಬೌಂಡ್. ಗಾರ್ಡ್ ಟೈಸ್ ಎಡ್ನಿ ಮಣಿಕಟ್ಟಿನ ನೋವಿನಿಂದ ಆ ಪಂದ್ಯದಲ್ಲಿ ಹೆಚ್ಚು ಹೊತ್ತು ಆಡಲಾಗಲಿಲ್ಲ. ಎರಡನೇ ಸುತ್ತಿನಲ್ಲಿ ಮಿಸೌರಿ ಎದುರು 4.8 ಸೆಕೆಂಡಿನಲ್ಲಿ ಇಡೀ ಅಂಗಳ ಓಡಿ 75-74ರಲ್ಲಿ ಗೆಲ್ಲಿಸಿದ್ದ ಹುಡುಗ ಇವರೇ.

ಓಬ್ಯಾನನ್ ಹೆಸರು ಆಮೇಲೆ ಕೋರ್ಟ್ ಕಾಗದಗಳಲ್ಲಿ ಇನ್ನೂ ದೊಡ್ಡದಾಯಿತು. ವಿಡಿಯೊ ಗೇಮ್‌ನಲ್ಲಿ ತನ್ನದೇ ರೂಪ ಕಂಡು, ಇದಕ್ಕೆ ನನಗೇಕೆ ದುಡ್ಡಿಲ್ಲ ಎಂದು 2009ರಲ್ಲಿ ಎನ್‌ಸಿಎಎ ವಿರುದ್ಧ ದಾವೆ ಹೂಡಿದರು. 2014ರಲ್ಲಿ ತೀರ್ಪು ಅವರ ಪರ ಬಂತು. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು. ಆ ದಾರಿ ತೆರೆದವರಲ್ಲಿ ಇವರೂ ಒಬ್ಬರು. ಆದರೆ ನನ್ನ ನಿಯಮ ನನಗೂ ಅನ್ವಯ: ಇದಕ್ಕೆ ಅಂಕ ಇಲ್ಲ.

ಅತಿ ಹೆಚ್ಚು ಅಂಕ ಗಳಿಸಿದವರು ಯಾರು?

ಪುರುಷರಲ್ಲಿ ಡಾನ್ ಮೆಕ್ಲೀನ್, 2,608. 1988ರಿಂದ 92ರವರೆಗೆ ನಾಲ್ಕು ವರ್ಷ ಆಡಿದರು. ಆಲ್ಸಿಂಡರ್ ಮೂರು ವರ್ಷದಲ್ಲಿ 2,325.

ಒಂದೇ ವರ್ಷ ಆಡಿ ಹೋದವರಿಗೆ ಜಾಗ ಇದೆಯೇ?

ಕೆವಿನ್ ಲವ್‌ಗೆ ಇದೆ, ಸ್ವಲ್ಪ ಕೆಳಗೆ. 2008ರಲ್ಲಿ ತಂಡವನ್ನು ಕೊನೆಯ ನಾಲ್ಕಕ್ಕೆ ಒಯ್ದರು. ಲೊಂಜೊ ಬಾಲ್ 2017ರಲ್ಲಿ ಅಸಿಸ್ಟ್‌ಗಳಲ್ಲಿ (ಅಂಕ ತಂದುಕೊಡುವ ಪಾಸ್‌ಗಳಲ್ಲಿ) ಒಂದೇ ಋತುವಿನ ಯುಸಿಎಲ್‌ಎ ದಾಖಲೆ ಬರೆದರು. ನೋಡಲು ಚೆಂದ, ಆದರೆ ಪಟ್ಟಿಗೆ ಸಾಲದು.

ಮಹಿಳೆಯರ ಹೆಸರು ಒಂದೂ ಬರಲಿಲ್ಲವಲ್ಲ?

ಸರಿಯಾದ ಪ್ರಶ್ನೆ. ಯುಸಿಎಲ್‌ಎಯಲ್ಲಿ ಅತಿ ಹೆಚ್ಚು ಅಂಕ ಗಳಿಸಿದ್ದು ಮೆಕ್ಲೀನ್ ಅಲ್ಲ, ಡೆನಿಸ್ ಕರಿ. 1977ರಿಂದ 81ರವರೆಗೆ 3,198 ಅಂಕ, ಆಡಿದ 130 ಪಂದ್ಯಗಳಲ್ಲಿ ಪ್ರತಿಯೊಂದರಲ್ಲೂ ಎರಡಂಕಿ. ಮೂರು ಅಂಕದ ಗೆರೆ ಇರಲಿಲ್ಲ. ಮಹಿಳೆಯರಿಗೆ ಈಗಿರುವ ಸಣ್ಣ ಚೆಂಡೂ ಇನ್ನೂ ಬಂದಿರಲಿಲ್ಲ.

ಆ್ಯನ್ ಮೇಯರ್ಸ್ ಅವರದು ಇನ್ನೂ ದೊಡ್ಡ ಹೆಸರು. 1978ರಲ್ಲಿ ಒಂದೇ ಪಂದ್ಯದಲ್ಲಿ 20 ಅಂಕ, 14 ರೀಬೌಂಡ್, 10 ಅಸಿಸ್ಟ್, 10 ಸ್ಟೀಲ್ (ಎದುರಾಳಿಯಿಂದ ಕಸಿದ ಚೆಂಡು). ಅದೇ ವರ್ಷ ಪಾಲಿ ಪೆವಿಲಿಯನ್‌ನಲ್ಲೇ ಮೇರಿಲ್ಯಾಂಡ್ ಅನ್ನು ಸೋಲಿಸಿ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಎನ್‌ಸಿಎಎ ಆಗಿನ್ನೂ ಮಹಿಳೆಯರಿಗೆ ಟೂರ್ನಿ ನಡೆಸುತ್ತಿರಲಿಲ್ಲ, 1982ರಲ್ಲಿ ಶುರು ಮಾಡಿತು. ಹಾಗಾಗಿ ಆ ಪ್ರಶಸ್ತಿ ಎನ್‌ಸಿಎಎ ಎಣಿಕೆಯಲ್ಲಿ ಕಾಣುವುದಿಲ್ಲ. 1979ರಲ್ಲಿ ಎನ್‌ಬಿಎಯ ಇಂಡಿಯಾನಾ ಪೇಸರ್ಸ್ ಅವರ ಜೊತೆ ಒಪ್ಪಂದವನ್ನೂ ಮಾಡಿಕೊಂಡಿತು. 1975ರ ಚಾಂಪಿಯನ್ ತಂಡದ ಡೇವಿಡ್ ಮೇಯರ್ಸ್ ಇವರ ಅಣ್ಣ. ಪುರುಷರು, ಮಹಿಳೆಯರು ಎಂದು ಬೇರೆ ಮಾಡದೆ ಒಂದೇ ಪಟ್ಟಿ ಬರೆದರೆ ಮೂರನೇ ಸ್ಥಾನ ವಿಕ್ಸ್ ಕೈ ತಪ್ಪಿ ಮೇಯರ್ಸ್‌ಗೆ ಹೋಗುತ್ತದೆ.

ಜಾಕಿ ರಾಬಿನ್ಸನ್ ಇಲ್ಲಿ ಬಾಸ್ಕೆಟ್‌ಬಾಲ್ ಆಡಿದ್ದು ನಿಜವೇ?

ನಿಜ. ಬೇಸ್‌ಬಾಲ್‌ನಲ್ಲಿ ವರ್ಣಭೇದದ ಗೋಡೆ ಒಡೆದ ಅದೇ ರಾಬಿನ್ಸನ್. ಯುಸಿಎಲ್‌ಎಯಲ್ಲಿ ನಾಲ್ಕು ಕ್ರೀಡೆಗಳಲ್ಲಿ ತಂಡದ ಗೌರವ ಪಡೆದ ಮೊದಲಿಗರು. 2014ರಿಂದ ಅಲ್ಲಿ ಯಾವ ಕ್ರೀಡೆಯಲ್ಲೂ 42ನೇ ನಂಬರ್ ಹೊಸಬರಿಗೆ ಕೊಡುವುದಿಲ್ಲ. ಯುಸಿಎಲ್‌ಎಯವರೇ ಆದ ಡಾನ್ ಬಾರ್ಕ್ಸ್‌ಡೇಲ್ ಅವರ ಬಗ್ಗೆಯೂ ಓದಿಕೊಳ್ಳಿ: 1948ರಲ್ಲಿ ಅಮೆರಿಕದ ಒಲಿಂಪಿಕ್ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದ ಮೊದಲ ಕಪ್ಪು ಆಟಗಾರ.

ನಿಮ್ಮ ಮೊದಲ ಐವರ ತಂಡ ಹೇಳಿ.

ಗಾರ್ಡ್‌ಗಳು ಹ್ಯಾಝರ್ಡ್ ಮತ್ತು ಗುಡ್ರಿಚ್. ಫಾರ್ವರ್ಡ್ ವಿಕ್ಸ್. ಸೆಂಟರ್ ಆಲ್ಸಿಂಡರ್. ಐದನೆಯವರು ವಾಲ್ಟನ್. ಇಬ್ಬರೂ ಸೆಂಟರ್ ಅಲ್ವಾ ಅಂದರೆ ಹೌದು. ವಾಲ್ಟನ್ ಅವರನ್ನು ಬುಟ್ಟಿಯಿಂದ ಸ್ವಲ್ಪ ದೂರ, ಫ್ರೀ ಥ್ರೋ ಗೆರೆಯ ಹತ್ತಿರ ನಿಲ್ಲಿಸಿ. ಅಲ್ಲಿಂದ ಒಳಗೆ ಆಲ್ಸಿಂಡರ್‌ಗೆ ಪಾಸ್ ಮಾಡಲಿ. ಓಬ್ಯಾನನ್ ಮೊದಲ ಬದಲಿ ಆಟಗಾರ.

ಅವರಿಬ್ಬರೂ ಎದುರಾಗಿದ್ದರೆ ಯಾರು ಗೆಲ್ಲುತ್ತಿದ್ದರು?

ಎನ್‌ಬಿಎಯಲ್ಲಿ ಎದುರಾದರು. 1977ರ ಪಶ್ಚಿಮ ವಿಭಾಗದ ಫೈನಲ್‌ನಲ್ಲಿ ವಾಲ್ಟನ್ ಅವರ ಪೋರ್ಟ್‌ಲ್ಯಾಂಡ್ ತಂಡ ಕರೀಮ್ ಅವರ ಲೇಕರ್ಸ್ ಅನ್ನು 4-0 ಅಂತರದಲ್ಲಿ ಸೋಲಿಸಿ, ಮುಂದೆ ಚಾಂಪಿಯನ್ನೂ ಆಯಿತು. ವಾಲ್ಟನ್ ಅಭಿಮಾನಿಗಳು ಇದನ್ನು ತಪ್ಪದೇ ನೆನಪಿಸುತ್ತಾರೆ. ಎನ್‌ಬಿಎ ಲೆಕ್ಕಕ್ಕಿಲ್ಲ ಎಂದು ನಾನೂ ತಪ್ಪದೇ ನೆನಪಿಸುತ್ತೇನೆ.